ಮೂರನೆಯ ಎಳೆತ

ಮಾರ್ಚ್ ೩

ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ಅಕ್ಷರ ನೋಡಿ ಬೈಯಬೇಡ. ಬಲಗೈ ಮಣಿಕಟ್ಟು ಸ್ವಲ್ಪ ಉಳುಕಿದೆ. ಕಾರ್ಖಾನೆಯ ಮೆಟ್ಟಿಲ ಮೇಲೆ ಕಾಲು ಜಾರಿತು, ಅಷ್ಟೇ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದ ಹಾಗಿದೆ ಎಂದು ನೀನು ಅನ್ನುವ ಮೊದಲೇ ನಾನು ಅಂದುಕೊಂಡಾಯಿತು. ಫೋನಿಗೂ ನಿನ್ನ ಕಿವಿಗೂ ಜಗಳ ಹತ್ತದಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ.

ಕೆಲವು ವಾರ ರಜೆ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿದೆ. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ನೋಡಲು ಬಂದಿದ್ದರು. ಅವರ ಬಗ್ಗೆ ಹಿಂದೆ ಬರೆದಿದ್ದೆನಲ್ಲ, ನಾನು ಸೇರಿದ ಹೊಸತರಲ್ಲಿ ಗಂಡಸರೆಲ್ಲ “ಈ ಹುಡುಗಿ ಸ್ಪ್ಯಾನರ್ ಎತ್ತುತ್ತಾಳಾ?” ಎಂದು ನಗುತ್ತಿದ್ದಾಗ “ಬಾ ತಂಗಿ” ಎಂದು ಜೊತೆಗೆ ಕರೆದುಕೊಂಡು ಹೋದವರು. ಕಾರ್ಖಾನೆಯಲ್ಲಿ ಸಮಾರಂಭ ನಡೆದರೆ ಮೈಕು, ದೀಪ ಎಲ್ಲ ಅವರ ಕೈಯಲ್ಲೇ. ಕಿತ್ತಳೆ ತಂದಿದ್ದರು. ನನ್ನ ಬಲಗೈಯ ಗ್ಲೌಸು ಸ್ವಿಚ್ ಕೋಣೆಯಲ್ಲಿ ಬಿದ್ದಿತ್ತಂತೆ, ಅದನ್ನೂ ತಂದುಕೊಟ್ಟರು. ಎಲ್ಲಿ ಹೋದರೂ ಏನಾದರೂ ಬಿಟ್ಟು ಬರುವ ನನ್ನ ಚಾಳಿ ನಿನಗೆ ಗೊತ್ತೇ ಇದೆ. ನೆಲ ನೋಡುತ್ತ ಕೂತಿದ್ದು, ನನ್ನ ಮುಖವನ್ನೂ ನೋಡದೆ ಎದ್ದು ಹೋದರು. ಅವರಿಗೂ ನನ್ನ ಮೇಲೆ ಬೇಸರವಾಗಿರಬೇಕು. ಏಕೆ ಎಂದು ಕೇಳಬೇಡ, ಏನೋ ಕೆಲಸದ ವಿಷಯ.

ಒಂದು ಒಳ್ಳೆಯ ಸುದ್ದಿಯಿದೆ. ಏಪ್ರಿಲ್ ಹದಿನೇಳಕ್ಕೆ ನಮ್ಮ ಕಾರ್ಖಾನೆಯ ಸಭಾಂಗಣದಲ್ಲಿ ಮಹಿಳಾ ಎಂಜಿನಿಯರುಗಳ ಸಮಾವೇಶ. ಬೇರೆ ಬೇರೆ ಕಾರ್ಖಾನೆಗಳಿಂದ ಬರುತ್ತಾರೆ. ‘ನನ್ನ ಕಥೆ, ನನ್ನ ಮಾತಿನಲ್ಲಿ’ ಎಂದು ಹೆಸರಿಟ್ಟಿದ್ದಾರೆ. ಮುಖ್ಯ ಭಾಷಣ ನನ್ನದು.

ಒಂದು ಕೇಳಲಾ? ಚಿಕ್ಕಂದಿನಲ್ಲಿ ನಾನು ನಿಜವಾಗಿಯೂ ಅಷ್ಟೊಂದು ಮರೆಯುತ್ತಿದ್ದೆನಾ? ಸುಮ್ಮನೆ ಕೇಳಿದೆ.

ನಿನ್ನ ಮರೆಗುಳಿ


ಮಾರ್ಚ್ ೧೧

ಮಗಳೇ,

ಮೆಟ್ಟಿಲ ಮೇಲೆ ಜಾರಿದವಳಿಗೆ ಮೊದಲು ಪೆಟ್ಟಾಗುವುದು ಸೊಂಟಕ್ಕೆ. ಇರಲಿ, ನೀನು ಹೇಳಿದ್ದನ್ನು ನಂಬಿದ್ದೇನೆ ಎಂದೇ ಇಟ್ಟುಕೋ.

ಮರೆಯುತ್ತಿದ್ದೆನಾ ಅಂತ ಬೇರೆ ಕೇಳುತ್ತೀಯಲ್ಲ! ನೀನು ಕಳೆದ ಕೊಡೆಗಳನ್ನೆಲ್ಲ ಬಿಚ್ಚಿ ಹೊಲಿದಿದ್ದರೆ ಒಂದು ಡೇರೆ ಆಗುತ್ತಿತ್ತು. ಊಟದ ಡಬ್ಬಿ ಶಾಲೆಯಲ್ಲಿ, ಪುಸ್ತಕ ಬಸ್ಸಿನಲ್ಲಿ. ಒಂದು ದಿನ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದೆ. “ಇನ್ನೊಂದು ಎಲ್ಲೇ?” ಅಂದರೆ ಕಾಲು ನೋಡಿಕೊಂಡು ನೀನೇ ಬೆಚ್ಚಿಬಿದ್ದೆ. ಇದನ್ನೆಲ್ಲ ನಿಮ್ಮ ಕಾರ್ಖಾನೆಯವರಿಗೂ ಹೇಳಿ ನಗಿಸಿದೆ.

ಅಯ್ಯೋ, ಬಾಯಿ ಬಿಟ್ಟೆನಲ್ಲ. ನಿನಗೆ ಹೇಳಬಾರದಂತೆ, ಆಶ್ಚರ್ಯ ಕೊಡಬೇಕಂತೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಹೋದ ವಾರ ನಿಮ್ಮ ಕಾರ್ಖಾನೆಯ ಪ್ರಚಾರ ವಿಭಾಗದಿಂದ ಒಬ್ಬಳು ಹುಡುಗಿ ಕ್ಯಾಮೆರಾ ಹಿಡಿದುಕೊಂಡು ಬಂದಿದ್ದಳು. ಸಮಾವೇಶದಲ್ಲಿ ನಿನ್ನ ಬಗ್ಗೆ ಒಂದು ಪುಟ್ಟ ಚಿತ್ರ ತೋರಿಸುತ್ತಾರಂತೆ. ಬೆಣ್ಣೆಯಂಥ ಮಾತು ಅವಳದು. ನನ್ನ ಹೊಲಿಗೆ ಕೋಣೆಯನ್ನು ಮೂಲೆ ಮೂಲೆಯಿಂದ ತೆಗೆದಳು. ನಿನ್ನ ಯೂನಿಫಾರ್ಮಿನ ಒಳಗಡೆ ನಾನು ಹೊಲಿದುಕೊಟ್ಟ ಗುಂಡಿಯ ಜೇಬಿನ ವಿಷಯ ಹೇಳಿದೆ, ಕೀಲಿಕೈ ಬೀಳಬಾರದು ಅಂತ ಮಾಡಿಸಿಕೊಂಡೆಯಲ್ಲ, ಅದು. “ಅಮ್ಮಾ, ಇನ್ನೂ ಹೇಳಿ, ಇನ್ನೂ ಹೇಳಿ” ಅಂದಳು. ನನ್ನ ಮಾತನ್ನು ಇಷ್ಟು ಹೊತ್ತು ಕೂತು ಕೇಳಿದವರು ನನ್ನ ಜನ್ಮದಲ್ಲಿ ಯಾರೂ ಇಲ್ಲ, ನೀನೂ ಸೇರಿ.

ಹೊಲಿಗೆ ಈಗ ಭಾರೀ ಬೇಗ ಆಗುತ್ತಿದೆ. ಏಕೆ ಎನ್ನುವುದನ್ನು ನಿಧಾನವಾಗಿ ಹೇಳುತ್ತೇನೆ. ಎಲ್ಲವನ್ನೂ ಒಂದೇ ಕಾಗದದಲ್ಲಿ ಹೇಳಿಬಿಟ್ಟರೆ ಮುಂದಿನದಕ್ಕೆ ಏನಿರುತ್ತದೆ?

ಕೈಗೆ ಬಿಸಿನೀರಿನ ಶಾಖ ಕೊಡು.

ಅಮ್ಮ


ಮಾರ್ಚ್ ೧೯

ಅಮ್ಮ,

ಅವಳನ್ನು ಒಳಗೆ ಏಕೆ ಬಿಟ್ಟೆ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಅವಳು ಏನೇನು ಕೇಳಿದಳು, ನೀನು ಏನೇನು ಹೇಳಿದೆ, ಒಂದೂ ಬಿಡದೆ ಬರೆ. ಬೀಗದ ಬಗ್ಗೆ ಕೇಳಿದಳಾ? ಆ ನಾಯಿಯ ಕಥೆ ಹೇಳಿದೆಯಾ?

ಇನ್ನು ಮೇಲೆ ಕಾರ್ಖಾನೆಯಿಂದ ಯಾರೇ ಬಂದರೂ ಬಾಗಿಲು ತೆಗೆಯಬೇಡ. ಯಾರಿಂದಲೂ ಏನನ್ನೂ ತೆಗೆದುಕೊಳ್ಳಬೇಡ.

ಹೆಚ್ಚು ಬರೆಯಲು ಕೈ ಆಗುವುದಿಲ್ಲ.


ಮಾರ್ಚ್ ೨೬

ಎಂಜಿನಿಯರಮ್ಮನವರಿಗೆ,

ತಮ್ಮ ಅಪ್ಪಣೆ ತಲುಪಿತು. ಮನೆಗೆ ಬಂದವರಿಗೆ ಬಾಗಿಲು ತೆಗೆಯುವ ಮೊದಲು ತಮ್ಮ ಅನುಮತಿ ಪಡೆಯಬೇಕೆಂದು ತಿಳಿದಿರಲಿಲ್ಲ. ಕ್ಷಮೆಯಿರಲಿ.

ಹೌದು, ಹೇಳಿದೆ. ನಾಯಿಯ ಕಥೆ ಹೇಳಿದೆ. ಏಕೆ ಹೇಳಬಾರದು? ನಿನಗೆ ಎಂಟು ವರ್ಷ. ನಾನು ಗುಂಡಿ ತರಲು ಹೋದಾಗ ಅಂಗಡಿ ಕೋಣೆಗೆ ಬೀಗ ಹಾಕು ಅಂದರೆ ಮರೆತು ಆಡಲು ಓಡಿಹೋದೆ. ಬಂದು ನೋಡಿದರೆ ಬೀದಿನಾಯಿ ಒಳಗೆ ನುಗ್ಗಿ, ಮದುವೆ ಹೆಣ್ಣಿನ ಬಟ್ಟೆಯ ರಾಶಿಯ ಮೇಲೆ ಮಲಗಿ ಮರಿ ಹಾಕಿಬಿಟ್ಟಿತ್ತು. ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ಹೇಳುತ್ತ ಬಂದಿದ್ದೇನೆ, ನೀನೂ ಕೂತು ನಗುತ್ತಿದ್ದೆ. ಈಗ ದೊಡ್ಡ ಕೆಲಸದವಳಾದೆ, ಅಮ್ಮನ ಕಥೆ ಅವಮಾನವಾಯಿತು. ಭಾಷಣದಲ್ಲಿ ದರ್ಜಿಯ ಮಗಳು ಅಂತ ಹೇಳಿಕೊಳ್ಳುವುದಕ್ಕೂ ನಾಚಿಕೆಯೇ? ಹಾಗಿದ್ದರೆ ನೇರ ಹೇಳು.

ಆ ಹುಡುಗಿ ನನಗೆ ಒಂದು ಮೋಟಾರಿನ ಹೊಲಿಗೆ ಯಂತ್ರ ಕಳಿಸಿಕೊಟ್ಟಿದ್ದಾಳೆ, ಕಾರ್ಖಾನೆಯ ಪರವಾಗಿ. ನನ್ನ ಕಾಲು ತುಳಿದು ತುಳಿದು ಊದುವುದನ್ನು ನೋಡಿ ಅವಳಿಗೆ ಕರುಳು ಚುರ್ ಅಂದಿತಂತೆ. ನೋಡು, ಪರರ ಮನೆ ಹುಡುಗಿಗೆ ಕಂಡಿತು. ಹಳೆಯ ಯಂತ್ರವನ್ನು ಹೊಲಿಗೆ ಕಲಿಯಲು ಬರುತ್ತಿದ್ದ ಎದುರು ಮನೆಯವಳಿಗೆ ಕೊಟ್ಟುಬಿಟ್ಟೆ. ಈಗ ನೀನು ಏನನ್ನೂ ತೆಗೆದುಕೊಳ್ಳಬೇಡ ಎನ್ನುತ್ತಿದ್ದೀಯ. ತಡವಾಯಿತು ತಾಯಿ.

ಕೈ ಹೇಗಿದೆ ಎಂದು ಕೇಳುವುದಿಲ್ಲ ಅಂದುಕೊಂಡಿದ್ದೆ. ಕೈ ಹೇಗಿದೆ?


ಏಪ್ರಿಲ್ ೧

ಅಮ್ಮ,

ಕೂತುಕೊಂಡು ಓದು. ನೀರು ಕುಡಿದು ಓದು.

ನಾನು ಮೆಟ್ಟಿಲಿನಿಂದ ಜಾರಲಿಲ್ಲ. ಕಾಗದ ಅರೆಯುವ ತೊಟ್ಟಿಯೊಳಗಿದ್ದೆ. ಒಂದು ಕೋಣೆಯಷ್ಟು ದೊಡ್ಡ ಮಿಕ್ಸಿ ಜಾರ್ ಅಂದುಕೋ. ತಳದಲ್ಲಿ ನನ್ನಷ್ಟೇ ಉದ್ದದ ಬ್ಲೇಡು. ಅದು ಸವೆದಿದೆಯೇ ಎಂದು ನೋಡಲು ಒಳಗೆ ಇಳಿಯಬೇಕು, ಅದೇ ನನ್ನ ಕೆಲಸ. ನಿನಗೆ ಇದನ್ನು ಯಾವತ್ತೂ ಸರಿಯಾಗಿ ಹೇಳಲಿಲ್ಲ, ಹೇಳಿದ್ದರೆ ನಿನಗೆ ನಿದ್ದೆ ಬರುತ್ತಿರಲಿಲ್ಲ. ಇಳಿಯುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ ಅದರ ಹಿಡಿಗೆ ನಮ್ಮ ಸ್ವಂತ ಬೀಗ ಹಾಕುತ್ತೇವೆ. ಬೀಗದ ಮೇಲೆ ನಮ್ಮ ಹೆಸರು, ಕೀಲಿಕೈ ನಮ್ಮ ಜೇಬಿನಲ್ಲಿ. ಹತ್ತು ಜನ ಇಳಿದರೆ ಹತ್ತು ಬೀಗ. ಹೊರಗೆ ಬಂದು ನಾವೇ ತೆಗೆಯುವವರೆಗೆ ಭೂಮಿ ತಲೆಕೆಳಗಾದರೂ ಯಂತ್ರ ತಿರುಗಬಾರದು. ಒಬ್ಬರ ಬೀಗವನ್ನು ಇನ್ನೊಬ್ಬರು ಮುಟ್ಟುವುದೂ ಇಲ್ಲ. ನೀನು ಹೊಲಿದ ಆ ಜೇಬು ಅದಕ್ಕೇ.

ಫೆಬ್ರವರಿ ಮೂರನೆಯ ವಾರದಲ್ಲಿ ನಾನು ಒಳಗಿದ್ದಾಗ ಯಂತ್ರ ತಿರುಗಿತು. ಕಾಲು ಸುತ್ತು ಅಷ್ಟೇ. ತೊಟ್ಟಿಯ ಬಾಯಿಯ ಬಳಿ ಕಾವಲು ನಿಂತಿದ್ದವನು ನನ್ನ ಕಿರುಚಾಟ ಕೇಳಿ ತುರ್ತು ಗುಂಡಿ ಒತ್ತಿದ. ಮಣಿಕಟ್ಟು ಎರಡು ಕಡೆ ಮುರಿಯಿತು. ತಲೆಗೂ ಪೆಟ್ಟು ಬಿತ್ತು. ಆವತ್ತು ಬೆಳಿಗ್ಗೆ ಚಹಾ ಕುಡಿದದ್ದು ನೆನಪಿದೆ, ಆಮೇಲಿನದ್ದು ಇಲ್ಲ. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ಒಳಜೇಬಿನಲ್ಲಿ ಕೀಲಿಕೈ ಇತ್ತು. ಸ್ವಿಚ್ಚಿನ ಮೇಲೆ ಬೀಗ ಇರಲಿಲ್ಲವಂತೆ.

ಉತ್ಪಾದನೆಯ ಮುಖ್ಯಸ್ಥರನ್ನು ನಾವು ಗಡಿಯಾರ ಎನ್ನುತ್ತೇವೆ, ಮಾತಿನ ಮಧ್ಯೆ ಕೈಗಡಿಯಾರ ನೋಡುವುದೇ ಅವರ ಕೆಲಸ. ಅವರು ಆಸ್ಪತ್ರೆಗೆ ಬಂದು ಬಹಳ ಮೃದುವಾಗಿ ಹೇಳಿದರು. “ನೋಡಮ್ಮ, ಸ್ವಿಚ್ಚಿಗೆ ಬೀಗ ಇರಲಿಲ್ಲ, ಕೆಲಸ ಮುಗೀತು ಅಂದ್ಕೊಂಡು ಶುರು ಮಾಡಿದ್ರು. ಬೀಗ ಹಾಕೋದು ಮರೆತಿದ್ದೀರ. ಎಲ್ಲರಿಗೂ ಆಗತ್ತೆ. ನಿಮಗೆ ಶಿಕ್ಷೆ ಕೊಡೋದು ನಮಗೆ ಇಷ್ಟ ಇಲ್ಲ. ಅದನ್ನೇ ಒಂದು ಪಾಠದ ಕಥೆ ಮಾಡಿ ಹೇಳಿ.” ಅದೇ ಆ ಭಾಷಣ. ‘ಒಂದು ಮರೆವು ನನ್ನನ್ನು ರೂಪಿಸಿತು’ ಎಂದು ಅವರೇ ಬರೆದುಕೊಟ್ಟಿದ್ದಾರೆ. ನನ್ನ ಕಥೆ, ಅವರ ಮಾತಿನಲ್ಲಿ. ಸುರಕ್ಷತಾ ಇಲಾಖೆಯ ಅಧಿಕಾರಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಆಮೇಲೆ ಅದನ್ನೇ ಬರೆದು ಸಹಿ ಹಾಕಿದರೆ ವಿಚಾರಣೆ ಮುಗಿಯಿತು. ನನಗೆ ತರಬೇತಿ ವಿಭಾಗದಲ್ಲಿ ಮೆತ್ತನೆಯ ಕುರ್ಚಿ. ಇನ್ನೆಂದೂ ಯಂತ್ರದೊಳಗೆ ಇಳಿಯುವಂತಿಲ್ಲ.

ನಾನು ಒಪ್ಪಿರಲಿಲ್ಲ, ಅಮ್ಮ. ನೆನಪಿಲ್ಲ, ನೆನಪಿಲ್ಲದ್ದನ್ನು ಹೇಗೆ ಹೇಳಲಿ ಎಂದಿದ್ದೆ. ನಿನ್ನೆ ಅವರು ನನ್ನನ್ನು ಕರೆಸಿ ಚಿತ್ರ ತೋರಿಸಿದರು. ನೀನು ನಗುತ್ತ ನಗುತ್ತ “ಬೀಗ ಹಾಕೋದು ಮರೆತೇಬಿಟ್ಳು ನನ್ನ ಮಗಳು!” ಎನ್ನುತ್ತೀಯ. ನಾಯಿಯ ಕಥೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಗಡಿಯಾರ ಅಂದರು, “ಹೆತ್ತ ತಾಯಿಗಿಂತ ಚೆನ್ನಾಗಿ ನಿಮ್ಮನ್ನ ಯಾರು ಬಲ್ಲರು?”

ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಎಂದರೆ ಆ ಪರದೆಗೆ ಏನಾದರೂ ಎಸೆಯಬೇಕು ಅನ್ನಿಸಿತು. ಆಮೇಲೆ ಹೊಳೆಯಿತು, ಅದೇ ಕಥೆಯನ್ನು ಚಹಾದ ಹೊತ್ತಿನಲ್ಲಿ ನಾನೇ ಎಷ್ಟು ಸಲ ಹೇಳಿಲ್ಲ? ಗಂಡಸರು ನಗಲಿ, ನನ್ನನ್ನು ಹತ್ತಿರ ಸೇರಿಸಿಕೊಳ್ಳಲಿ ಎಂದು. ಜಾಣೆ ಎಂದರೆ ದೂರ ಇಡುತ್ತಾರೆ, ಮರೆಗುಳಿ ಎಂದರೆ ಬಾ ಕೂತುಕೋ ಎನ್ನುತ್ತಾರೆ.

ಈಗ ನನಗೇ ಹೆದರಿಕೆ. ಬೀಗ ಹಾಕಿದ್ದರೆ ಯಾರೋ ಅದನ್ನು ಕತ್ತರಿಸಿರಬೇಕು. ಯಾರು ಕತ್ತರಿಸುತ್ತಾರೆ? ನಮ್ಮಲ್ಲಿ ಅದು ಕೊಲೆಗೆ ಸಮ. ಹಾಗಾದರೆ ನಾನೇ ಮರೆತಿರಬೇಕಲ್ಲವೇ? ಸಹಿ ಹಾಕಿಬಿಡಲೇ ಅನ್ನಿಸುತ್ತಿದೆ. ನಿಜವಾಗಿ ಏನಾಯಿತೆಂದು ನನಗೆ ಗೊತ್ತಾಗದೇ ಹೋಗುತ್ತದೆ ಎನ್ನುವುದೇ ಕೈನೋವಿಗಿಂತ ದೊಡ್ಡ ನೋವಾಗಿದೆ.

ನೀನು ಬರಬೇಡ, ನಿನ್ನ ಕಾಲಿಗೆ ಇಷ್ಟು ದೂರದ ಪ್ರಯಾಣ ಆಗುವುದಿಲ್ಲ.


ಏಪ್ರಿಲ್ ೭

ಪಾಪಿ ಮುಂಡೇದೇ,

ನೀನು ಸತ್ತೇಹೋಗಿದ್ದರೆ ಅದನ್ನೂ ಎಡಗೈಯಲ್ಲಿ ಬರೆದು, ಸ್ವಲ್ಪ ಉಳುಕಿದೆ ಎಂದು ಕಳಿಸುತ್ತಿದ್ದೆಯಾ? ಒಂದು ದಿನ ನಾನು ಏನೂ ತಿನ್ನಲಿಲ್ಲ. ಮಿಕ್ಸಿಯನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದ್ದೇನೆ, ಕಣ್ಣಿಗೆ ಬೀಳಬಾರದೆಂದು.

ಅತ್ತಾಯಿತು. ಈಗ ಕೇಳು.

ಆ ಹುಡುಗಿಗೆ ನಾನು ಅರ್ಧ ಕಥೆ ಹೇಳಲಿಲ್ಲ. ಇಡೀ ಕಥೆ ಹೇಳಿದೆ. ಮನೆಗೆ ಬಂದವರಿಗೆಲ್ಲ ನಾಯಿ ಮರಿ ಹಾಕುವವರೆಗೆ ಹೇಳಿ ನಿಲ್ಲಿಸುತ್ತೇವೆ, ಏಕೆಂದರೆ ಜನ ನಗುವುದು ಅಲ್ಲಿಯವರೆಗೆ. ಆಮೇಲಿನದ್ದರಲ್ಲಿ ನಗು ಇಲ್ಲ. ಅವಳು ಇನ್ನೂ ಹೇಳಿ ಅಂದಳಲ್ಲ, ಹೇಳಿದೆ. ಅದನ್ನು ಕತ್ತರಿಸಿ ಎಸೆದಿದ್ದಾಳೆ. ನಾನೂ ಕತ್ತರಿ ಹಿಡಿಯುವವಳೇ, ಆದರೆ ತೋಳು ಕತ್ತರಿಸಿ ಇದೇ ಅಂಗಿ ಅಂತ ಯಾರಿಗೂ ಕೊಟ್ಟಿಲ್ಲ.

ನಿನಗೆ ನೆನಪಿಲ್ಲದಿದ್ದರೆ ನಾನು ನೆನಪಿಸುತ್ತೇನೆ. ಆ ಮದುವೆ ಬಟ್ಟೆಯನ್ನು ನಾನು ಮತ್ತೆ ಮೊದಲಿನಿಂದ ಹೊಲಿದೆ. ನೀನು ನನ್ನ ಪಕ್ಕದಲ್ಲಿ ಗೊಂಬೆಯ ಹಾಗೆ ಕೂತಿದ್ದೆ. ಅಳಲಿಲ್ಲ. ಮಾರನೆಯ ದಿನದಿಂದ ಶುರುವಾಯಿತು ನೋಡು ನಿನ್ನ ಹುಚ್ಚು. ಬೀಗ ಹಾಕಿ ಒಂದು ಸಲ ಎಳೆಯುತ್ತಿದ್ದೆ, ಎರಡು ಸಲ ಎಳೆಯುತ್ತಿದ್ದೆ, ಮೂರನೆಯ ಸಲ ಕಣ್ಣು ಮುಚ್ಚಿ ಜೋರಾಗಿ ಎಳೆಯುತ್ತಿದ್ದೆ. ಶಾಲೆಗೆ ಅರ್ಧ ದಾರಿ ಹೋದವಳು ವಾಪಸ್ ಓಡಿ ಬಂದು ಎಳೆಯುತ್ತಿದ್ದೆ. ತಡವಾಗಿ ಹೋಗಿ ಹೊರಗೆ ನಿಲ್ಲಿಸಿಕೊಂಡೆ. ಟೀಚರ್ ನನ್ನನ್ನು ಕರೆಸಿ “ಇದೇನ್ರೀ ನಿಮ್ಮ ಮಗಳ ಕಥೆ?” ಅಂದರು. ನೀನು ಅವರಿಗೆ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. “ಮೂರು ಸಲ ಎಳೀದಿದ್ರೆ ನನ್ನ ಕೈ ಸುಮ್ನಿರಲ್ಲ, ಟೀಚರ್.”

ಕೊಡೆ ಮರೆತೆ, ಡಬ್ಬಿ ಮರೆತೆ, ನನ್ನ ಹುಟ್ಟಿದ ದಿನ ಈಗಲೂ ಮರೆಯುತ್ತೀಯ. ಆ ನಾಯಿಯ ಮೇಲೆ ಆಣೆ, ಬೀಗ ಒಂದು ದಿನವೂ ಮರೆತಿಲ್ಲ. ನಿನ್ನ ತಲೆಯನ್ನು ಕೇಳಬೇಡ, ಅದಕ್ಕೆ ಪೆಟ್ಟಾಗಿದೆ. ಕೈಯನ್ನು ಕೇಳು.

ಇನ್ನೊಂದು ಮಾತು. ನಿನ್ನ ಎಲೆಕ್ಟ್ರಿಷಿಯನ್ ಅಣ್ಣನಿಗೆ ನಿನ್ನ ಮೇಲೆ ಬೇಸರವಾಗಿದೆ ಅಂದೆಯಲ್ಲ. ಬೇಸರವಾದವನು ಮುಖ ನೋಡಿ ಬೈಯುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಯಾರೂ ಏನೂ ಅನ್ನುವ ಮೊದಲೇ ಕಿತ್ತಳೆ ಹಿಡಿದುಕೊಂಡು ಬಂದಿದ್ದಾನೆ. ಅಷ್ಟು ಮಾತ್ರ ಹೇಳುತ್ತೇನೆ.

ಮೋಟಾರಿನ ಯಂತ್ರವನ್ನು ಲಾರಿಗೆ ಹಾಕಿಸಿ ವಾಪಸ್ ಕಳಿಸಿದೆ. ಹಳೆಯದನ್ನು ಕೊಟ್ಟ ಕೈಯಿಂದ ವಾಪಸ್ ಕೇಳಲು ಮನಸ್ಸಾಗಲಿಲ್ಲ. ಸೂಜಿಯಿದೆ, ದಾರವಿದೆ, ಯಂತ್ರ ಹುಟ್ಟುವ ಮೊದಲೂ ಜನ ಬಟ್ಟೆ ಹಾಕಿಕೊಳ್ಳುತ್ತಿದ್ದರು.

ಸಹಿ ಹಾಕು, ಹಾಕಬೇಡ ಎಂದು ನಾನು ಹೇಳುವುದಿಲ್ಲ. ಬದುಕಿದ್ದೀಯ, ನನಗೆ ಅಷ್ಟೇ ಸಾಕು. ನಿನಗೆ ಅಷ್ಟೇ ಸಾಕೋ ಇಲ್ಲವೋ ನೀನೇ ನೋಡಿಕೋ.

ಅಮ್ಮ


ಏಪ್ರಿಲ್ ೧೩

ಅಮ್ಮ,

ನಿನ್ನ ಕಾಗದ ಓದಿ ಮುಗಿಸಿ, ಹಾಲು ತರೋಣವೆಂದು ಹೊರಟೆ. ಬಾಗಿಲಿಗೆ ಬೀಗ ಹಾಕಿದೆ. ಹಾಕಿ ಮೆಟ್ಟಿಲಿಳಿಯುವಾಗ ಥಟ್ಟನೆ ನಿಂತೆ. ನಾನು ಈಗ ಏನು ಮಾಡಿದೆ? ವಾಪಸ್ ಹೋಗಿ, ಬೀಗ ತೆಗೆದು, ಮತ್ತೆ ಹಾಕಿದೆ. ಎಡಗೈ ತಾನೇ ಎಳೆಯಿತು. ಒಂದು. ಎರಡು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡಿತು. ಪ್ಲಾಸ್ಟರಿನ ಬಲಗೈ ಪಕ್ಕದಲ್ಲಿ ಸುಮ್ಮನಿರಲಾರದೆ ಬೆರಳು ಮಡಿಸಿತು. ಇಷ್ಟು ವರ್ಷ ನಾನು ಇದನ್ನು ಮಾಡುತ್ತಲೇ ಇದ್ದೇನೆ, ಅಮ್ಮ. ನನಗೇ ಗೊತ್ತಿರಲಿಲ್ಲ. ಎದುರು ಬಾಗಿಲಿನ ಅಜ್ಜಿಯನ್ನು ಕೇಳಿದೆ. “ಅಯ್ಯೋ, ನೀನು ಹೊರಟೆ ಅಂತ ನಂಗೆ ಗೊತ್ತಾಗೋದೇ ಆ ಸದ್ದಿಂದ” ಎಂದಳು.

ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತೆ. ಅಜ್ಜಿ ಹೆದರಿ ನೀರು ತಂದಳು. ಹಾಲು ತರುವುದು ಮರೆತೇಹೋಯಿತು, ನಗಬೇಡ.

ಆಮೇಲೆ ಆ ಗ್ಲೌಸನ್ನು ಹುಡುಕಿ ತೆಗೆದೆ. ಬಲಗೈಯದು. ದಪ್ಪ ಗ್ಲೌಸು ಹಾಕಿಕೊಂಡು ಎಳೆದರೆ ಬೀಗ ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ, ಅದಕ್ಕೇ ನಾನು ತೆಗೆಯುತ್ತೇನೆ. ಸ್ವಿಚ್ ಕೋಣೆಯಲ್ಲಿ ಗ್ಲೌಸು ತೆಗೆಯಲು ನನಗೆ ಬೇರೆ ಯಾವ ಕಾರಣವೂ ಇಲ್ಲ. ಬೀಗ ಹಾಕಿದೆ, ಎಳೆದೆ, ಗ್ಲೌಸು ಬಿಟ್ಟು ಹೋದೆ. ಮರೆತದ್ದು ಗ್ಲೌಸು. ಬೀಗವಲ್ಲ.

ಆವತ್ತಿನ ನೆನಪು ಮರಳಿ ಬಂದಿಲ್ಲ. ಬರುವುದೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಆದರೆ ನನಗೆ ಗೊತ್ತು. ಗೊತ್ತು ಎಂದರೆ ಗೊತ್ತು.

ಇಷ್ಟಾದರೂ, ಒಂದು ಗ್ಲೌಸು, ಒಂದು ಚಾಳಿ, ಇದನ್ನು ಯಾರು ನಂಬುತ್ತಾರೆ? ವೇದಿಕೆಯ ಮೇಲೆ ನಾನು ಬೇರೆ ಮಾತು ಆಡಿದರೆ ತರಬೇತಿ ವಿಭಾಗದ ಕುರ್ಚಿಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಸುಮ್ಮನಿದ್ದರೆ ಬೀಗ ಕತ್ತರಿಸಿದವನು ನಾಳೆ ಇನ್ನೊಬ್ಬರದ್ದು ಕತ್ತರಿಸುತ್ತಾನೆ. ಆಗ ಯಂತ್ರ ಕಾಲು ಸುತ್ತಿಗೇ ನಿಲ್ಲದೆ ಹೋಗಬಹುದು. ಎಲೆಕ್ಟ್ರಿಷಿಯನ್ ಅಣ್ಣನ ಬಗ್ಗೆ ನೀನು ಬರೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವರು ಅಂಥವರಲ್ಲ.

ಗಡಿಯಾರ ಬರೆದುಕೊಟ್ಟ ಭಾಷಣ ಮೇಜಿನ ಮೇಲಿದೆ. ಬಾಯಿಪಾಠ ಮಾಡಿದ್ದೇನೆ. ನನ್ನದೇ ಮಾತನ್ನೂ ಬರೆದು, ಎರಡನ್ನೂ ಸಿದ್ಧ ಮಾಡಿಕೊಂಡಿದ್ದೇನೆ. ಯಾವುದು ಬಾಯಿಗೆ ಬರುತ್ತದೋ ಅಲ್ಲಿ ನಿಂತ ಮೇಲೇ ಗೊತ್ತಾಗಬೇಕು.


ಏಪ್ರಿಲ್ ೧೮

ಅಮ್ಮ,

ನಿನ್ನೆ ಆಯಿತು.

ಮೊದಲು ಚಿತ್ರ ತೋರಿಸಿದರು. ನಾಯಿ ಮರಿ ಹಾಕಿದ್ದಕ್ಕೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಪರದೆಯ ಮೇಲೆ ನೀನು ಚೆಂದ ಕಾಣುತ್ತಿದ್ದೆ. ಆಮೇಲೆ ನನ್ನನ್ನು ಕರೆದರು. ಮೈಕಿನ ಮುಂದೆ ನಿಂತೆ. ಮುಂದಿನ ಸಾಲಿನಲ್ಲಿ ಗಡಿಯಾರ, ಪಕ್ಕದಲ್ಲಿ ಇಲಾಖೆಯ ಅಧಿಕಾರಿ. ಎಲ್ಲಕ್ಕಿಂತ ಹಿಂದೆ, ಮೈಕಿನ ಯಂತ್ರದ ಹತ್ತಿರ, ಎಲೆಕ್ಟ್ರಿಷಿಯನ್ ಅಣ್ಣ.

“ಒಂದು ಮರೆವು” ಎನ್ನುವವರೆಗೆ ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ. ಕೈ ಒಳಜೇಬಿಗೆ ಹೋಯಿತು. ಗುಂಡಿ ಬಿಚ್ಚಲು ಎಡಗೈಗೆ ಬರುವುದಿಲ್ಲ, ಒದ್ದಾಡಿದೆ. ಎಲ್ಲರೂ ನೋಡುತ್ತಿದ್ದರು. ಕೊನೆಗೆ ಕೀಲಿಕೈ ತೆಗೆದು ಎತ್ತಿ ಹಿಡಿದೆ.

“ಈ ಕಥೆಗೆ ಇನ್ನರ್ಧ ಇದೆ. ಅದನ್ನ ನಮ್ಮಮ್ಮ ಹೇಳಿದ್ರು, ನಿಮಗೆ ತೋರಿಸಲಿಲ್ಲ” ಎಂದೆ. ನೀನು ಬರೆದ ಹಾಗೆಯೇ ಹೇಳಿದೆ. ಮದುವೆ ಬಟ್ಟೆ, ಶಾಲೆ, ಟೀಚರ್. ಗ್ಲೌಸು ತೋರಿಸಿದೆ. “ನಾನು ಬೀಗ ಹಾಕಿದ್ದೆ. ಮೂರು ಸಲ ಎಳೆದಿದ್ದೆ. ಕೀ ಇಲ್ಲಿದೆ. ನನ್ನ ಬೀಗ ಎಲ್ಲಿ?”

ಗಡಿಯಾರ ಅರ್ಧ ಎದ್ದು ಹಿಂದಕ್ಕೆ ತಿರುಗಿ, ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರು. ಕಟ್ ಮಾಡು. ಅಣ್ಣನ ಕೈ ಮೈಕಿನ ಗುಂಡಿಯ ಮೇಲಿತ್ತು. ನಾನು ಅವರನ್ನೇ ನೋಡಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವರು ನನ್ನ ಮುಖ ನೋಡಿದರು. ಗಡಿಯಾರ ಇನ್ನೊಂದು ಸಲ ಸನ್ನೆ ಮಾಡಿದರು. ಅಣ್ಣ ಕೈಯನ್ನು ಎತ್ತಿ ಬೆನ್ನ ಹಿಂದೆ ಕಟ್ಟಿಕೊಂಡರು.

ನಾನು ಮತ್ತೆ ಕೇಳಿದೆ, ನನ್ನ ಬೀಗ ಎಲ್ಲಿ ಎಂದು. ಗೋಡೆಗೋಡೆಗೂ ಕೇಳಿಸಿತು.

ಎಲ್ಲ ಮುಗಿದ ಮೇಲೆ ಅವರು ತಂತಿ ಸುತ್ತುತ್ತಿದ್ದ ಕಡೆ ಹೋದೆ. ತಲೆ ಎತ್ತದೆ ಹೇಳಿದರು. “ಅವತ್ತೂ ಹೀಗೇ ಸನ್ನೆ ಮಾಡಿದ್ರು ತಂಗಿ. ಹೊತ್ತಾಗ್ತಿದೆ, ಒಳಗೆ ಯಾರೂ ಇಲ್ಲ, ಕಟ್ ಮಾಡು ಅಂದ್ರು. ಬೀಗದ ಮೇಲೆ ನಿನ್ನ ಹೆಸರು ಓದಿದೆ. ಓದಿಯೂ ಕಟ್ ಮಾಡಿದೆ. ನೀನು ಮರೆಗುಳಿ ಅಲ್ವಾ, ಹೊರಗೆ ಬಂದು ಬೀಗ ತೆಗೆಯೋದು ಮರೆತು ಹೋಗಿದ್ದೀಯ ಅಂದ್ಕೊಂಡೆ. ಬೀಗಾನ ಅವರೇ ಇಸ್ಕೊಂಡು ಗುಜರಿಗೆ ಹಾಕಿಸಿದ್ರು. ಇವತ್ತು ಕೈ ಬರಲಿಲ್ಲ.”

ಅಮ್ಮ, ನೀನು ಸರಿ ಹೇಳಿದ್ದೆ. ಗಂಡಸರನ್ನು ನಗಿಸಲು ನಾನು ಹೇಳಿದ ಕಥೆಯೇ ನನ್ನ ಬೀಗವನ್ನು ಕತ್ತರಿಸಿತು. ಅವರು ಅಲ್ಲಿಂದ ನೇರ ಇಲಾಖೆಯ ಅಧಿಕಾರಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದರು. ತಾವು ಮಾಡಿದ್ದನ್ನೂ. ಅವರಿಗೆ ಕೆಲಸ ಉಳಿಯುವುದಿಲ್ಲ. ವಿಚಾರಣೆ ಮುಗಿಯುವವರೆಗೆ ಗಡಿಯಾರ ಕಾರ್ಖಾನೆಯೊಳಗೆ ಕಾಲಿಡುವಂತಿಲ್ಲವಂತೆ. ನನ್ನ ಗತಿ ಏನೆಂದು ಇನ್ನೂ ಯಾರೂ ಹೇಳಿಲ್ಲ. ಅಣ್ಣನನ್ನು ಕ್ಷಮಿಸಲು ನನ್ನಿಂದ ಆಗಿಲ್ಲ. ಅವರ ಮೇಲೆ ಪ್ರೀತಿಯೂ ಹೋಗಿಲ್ಲ. ಏನು ಮಾಡಲಿ?

ಪ್ಲಾಸ್ಟರ್ ತೆಗೆದ ಮೇಲೆ ಮತ್ತೆ ತೊಟ್ಟಿಯೊಳಗೆ ಇಳಿಯುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ಬೇಡ ಎನ್ನಬೇಡ. ಹಳೆಯ ಯೂನಿಫಾರ್ಮನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು, ಒಳಜೇಬನ್ನು ಬಿಚ್ಚಿ ಇನ್ನೊಂದು ಅಂಗಿಗೆ ಪಿನ್ನು ಹಾಕಿಕೊಂಡು ಓಡಾಡುತ್ತಿದ್ದೇನೆ. ಹೊಸದು ಬೇಕು.

ನಿನ್ನ ಮಗಳು


ಏಪ್ರಿಲ್ ೨೫

ಮಗಳೇ,

ಬೇಡ ಎನ್ನಬೇಕೆಂದು ನಾಲಗೆ ತುದಿಯವರೆಗೆ ಬಂದಿತ್ತು. ಬೇಡ ಅಂದರೆ ಕೇಳುವವಳೇ ನೀನು? ನುಂಗಿಕೊಂಡೆ.

ಕೊನೆಯಲ್ಲಿ ಮರೆಗುಳಿ ಎಂದು ಬರೆದಿಲ್ಲ, ನೋಡಿದೆ. ಎರಡು ಸಲ ಮುಟ್ಟಿ ನೋಡಿದೆ. ಇನ್ನು ನಾನೂ ಹಾಗೆ ಕರೆಯುವುದಿಲ್ಲ. ನಾಯಿಯ ಕಥೆಯನ್ನು ಮಾತ್ರ ಬಿಡುವುದಿಲ್ಲ, ಹೇಳಿದರೆ ಪೂರ್ತಿ ಹೇಳುತ್ತೇನೆ. ನಿನ್ನೆ ಎದುರು ಮನೆಯವಳಿಗೆ ಹೇಳಿದೆ. ಕೊನೆಯಲ್ಲಿ ಅವಳು ನಗಲಿಲ್ಲ. ಹೋಗುವಾಗ ತನ್ನ ಮನೆಯ ಬೀಗ ಎಳೆದು ನೋಡುವ ಸದ್ದು ನನ್ನ ಈ ಕಿವಿಗೂ ಕೇಳಿಸಿತು.

ಆ ಎಲೆಕ್ಟ್ರಿಷಿಯನನ ವಿಷಯ. ಅವನ ಹೆಸರು ಕೇಳಿದರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಕ್ಷಮಿಸು ಎಂದು ನಾನು ಹೇಳುವುದಿಲ್ಲ. ಅವನ ಮನೆಗೆ ಒಂದು ಸಲ ಕಿತ್ತಳೆ ತೆಗೆದುಕೊಂಡು ಹೋಗು. ಮುಖ ನೋಡಿ ಕೊಡು. ಆಮೇಲೆ ಬೈಯಬೇಕು ಅನ್ನಿಸಿದರೆ ಚೆನ್ನಾಗಿ ಬೈದು ಬಾ.

ಯೂನಿಫಾರ್ಮು ಈ ಕಾಗದದ ಜೊತೆಗಿದೆ. ಸೂಜಿಯಲ್ಲೇ ಹೊಲಿದೆ. ಎದುರು ಮನೆಯವಳು ಹಳೆಯ ಯಂತ್ರವನ್ನು ತಾನಾಗಿಯೇ ತಂದಿಟ್ಟು “ಇದರ ಮೇಲೇ ಹೊಲೀರಿ ಅಮ್ಮ” ಅಂದಳು. ಇದೊಂದನ್ನು ಕೈಯಲ್ಲೇ ಹೊಲಿಯುತ್ತೇನೆ ಅಂದೆ. ಅಲ್ಲಲ್ಲಿ ವಕ್ರವಾಗಿದೆ, ನಿನ್ನ ಎಡಗೈ ಅಕ್ಷರಕ್ಕೆ ಜೋಡಿ.

ಬಲಗೈ ಇನ್ನೂ ಬಗ್ಗುವುದಿಲ್ಲವಲ್ಲ, ಅದಕ್ಕೆ ಒಳಜೇಬನ್ನು ಎಡಗೈಗೆ ಸಿಗುವ ಹಾಗೆ ಇಟ್ಟಿದ್ದೇನೆ. ಗುಂಡಿ ದೊಡ್ಡದು, ಒಂದೇ ಕೈಯಲ್ಲಿ ಬಿಚ್ಚಬಹುದು. ಜೇಬು ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎಂದು ಮೂರು ಸಲ ಎಳೆದು ನೋಡಿದ್ದೇನೆ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಎಳೆದೆ.

ಅಮ್ಮ